ಹದ ಎಂಬುದೊಂದು ಇದೆಯೆ?

ವಾದವನ್ನು ಮುಗಿಸುವುದಕ್ಕೆ ನಮ್ಮ ಕಾಲದಲ್ಲಿ ಒಂದು ಮಾತು ಬಹಳ ಅಗ್ಗವಾಗಿ ಸಿಕ್ಕುತ್ತದೆ: “ಅದು ಅವರವರಿಗೆ ಬಿಟ್ಟದ್ದು.” ಮಕ್ಕಳನ್ನು ಎಷ್ಟು ಬಿಗಿಯಲ್ಲಿಡಬೇಕು, ಸಾಲ ಕೇಳಲು ಬಂದ ನೆಂಟನಿಗೆ ಏನು ಹೇಳಬೇಕು, ಕಾಯಿಲೆ ಬಿದ್ದ ಹಿರಿಯರಿಗೆ ಎಷ್ಟು ವಿಷಯ ತಿಳಿಸಬೇಕು, ಯಾವ ಪ್ರಶ್ನೆಯನ್ನೇ ಎತ್ತಿಕೊಳ್ಳಿ. ಸ್ವಲ್ಪ ಹೊತ್ತು ಮಾತು ಬಿಸಿಯಾಗುತ್ತದೆ. ಆಮೇಲೆ ಯಾರಾದರೊಬ್ಬರು ಕಾಫಿಯ ಲೋಟ ಕೆಳಗಿಟ್ಟು ಈ ಮಂತ್ರವನ್ನು ಉಚ್ಚರಿಸುತ್ತಾರೆ. ಎಲ್ಲರೂ ತಲೆದೂಗುತ್ತಾರೆ. ಸಭೆ ವಿಸರ್ಜನೆಯಾಗುತ್ತದೆ.

ಈ ಮಾತಿನಲ್ಲಿ ಸೌಜನ್ಯವಿಲ್ಲವೆಂದು ನಾನು ಹೇಳುವುದಿಲ್ಲ. ಊರಿನ ನಾಲ್ಕು ಮಂದಿ ಹಿರಿಯರು ಒಂದೇ ಅಳತೆಗೋಲು ಹಿಡಿದು ಇಡೀ ಊರಿನ ನಡತೆಯನ್ನು ಅಳೆಯುತ್ತಿದ್ದ ಕಾಲವನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ ಈ ಒಂದು ಮಾತಿನ ಹೊಟ್ಟೆಯಲ್ಲಿ ಎರಡು ಮಾತುಗಳಿವೆ. ಸಂದರ್ಭ ಬೇರೆಯಾದರೆ ಸರಿಯಾದದ್ದೂ ಬೇರೆಯಾಗುತ್ತದೆ ಎಂಬುದು ಒಂದು. ಸರಿ ಎಂಬುದೇ ಇಲ್ಲ, ಇರುವುದೆಲ್ಲ ಅವರವರ ಇಷ್ಟ ಎಂಬುದು ಇನ್ನೊಂದು. ಮೊದಲನೆಯದನ್ನು ಅಂಗಡಿಯ ಮುಂದೆ ತೂಗುಹಾಕಿ ಎರಡನೆಯದನ್ನು ಕಟ್ಟಿಕೊಡುವ ವ್ಯಾಪಾರ ನಡೆಯುತ್ತಿದೆಯೆಂದು ನನ್ನ ಗುಮಾನಿ. ಇವೆರಡನ್ನೂ ಬಿಡಿಸಿ ನೋಡಲು ನಾನು ಆರಿಸಿಕೊಂಡಿರುವ ನಿದರ್ಶನ ಒಂದು ಆಟದ ಸಾಮಾನು. ಗಂಭೀರ ಸ್ವಭಾವದ ವಾಚಕರು ಮನ್ನಿಸಬೇಕು. ದೊಡ್ಡ ನಿದರ್ಶನಗಳಲ್ಲಿ ನಮ್ಮ ನಮ್ಮ ಸ್ವಾರ್ಥ ಸೇರಿಕೊಂಡಿರುತ್ತದೆ. ಆಟದ ಸಾಮಾನಿನಲ್ಲಿ ಆ ಭಯ ಕಡಮೆ.

ನನ್ನ ಅಕ್ಕನ ಎರಡನೆಯ ಮಗನ ಬಳಿ ಒಂದು ರಿಮೋಟ್ ಟ್ರಕ್ಕಿದೆ. ಅವನಿಗೆ ವಯಸ್ಸು ನಲವತ್ತೆರಡು; ಕಂಪ್ಯೂಟರ್ ಕೆಲಸ, ಕೈತುಂಬ ಸಂಬಳ, ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿಯ ಕೂದಲು. ಆಟದ ಸಾಮಾನು ಎಂದೆನಲ್ಲ, ಆ ಮಾತು ಅವನ ಕಿವಿಗೆ ಬೀಳಬಾರದು. ನಿಜವಾದ ಟ್ರಕ್ಕಿನ ಹತ್ತನೇ ಒಂದು ಅಳತೆ. ಉದ್ದ ಎರಡು ಅಡಿಗೆ ತುಸು ಕಡಮೆ, ತೂಕ ಎರಡು ಕಿಲೋಗ್ರಾಮಿಗೆ ತುಸು ಹೆಚ್ಚು. ಹೊಟ್ಟೆಯಲ್ಲಿ ಮೋಟಾರು ಮತ್ತು ಲಿಥಿಯಂ ಬ್ಯಾಟರಿ. ಕೈಯಲ್ಲಿ ಹಿಡಿದ ಪೆಟ್ಟಿಗೆಯಿಂದ ರೇಡಿಯೋ ಅಲೆಯ ಮೂಲಕ ಅಪ್ಪಣೆ. ಜಪಾನಿನ ಷಿಜುವೊಕಾ ಊರಿನ ತಮಿಯಾ ಕಂಪೆನಿ ತನ್ನ ಮೊದಲ ರೇಡಿಯೋ ಕಾರನ್ನು ಹೊರತಂದದ್ದು 1976ರಲ್ಲಿ; ಅದು ಪೋರ್ಷೆ ಕಾರಿನ ಪ್ರತಿಕೃತಿ. ಅಮೆರಿಕದ ಮಣ್ಣುಹಾದಿಯ ಪಂದ್ಯಗಳಲ್ಲಿ ಓಡುವ ಟ್ರಕ್ಕುಗಳ ಮಾದರಿಯಲ್ಲಿ ಟೆಕ್ಸಾಸಿನ ಟ್ರ್ಯಾಕ್ಸಾಸ್ ಕಂಪೆನಿ 2008ರಲ್ಲಿ ‘ಸ್ಲ್ಯಾಷ್’ ಎಂಬುದನ್ನು ಮಾರುಕಟ್ಟೆಗೆ ತಂದಿತು. ನಮ್ಮ ಹುಡುಗನದು ಆ ಜಾತಿಗೆ ಸೇರಿದ ಗಾಡಿ. ಬೆಂಗಳೂರಿನ ಅಂಚಿನಲ್ಲಿ ಸೈಟುಗಳಿಗೆ ಕಲ್ಲು ನೆಟ್ಟು, ಇನ್ನೂ ಮನೆಗಳೇಳದ ಒಂದು ಬಡಾವಣೆ ಇದೆ. ಕೆಂಪು ಮಣ್ಣು, ಜಲ್ಲಿಯ ಚೂರು, ಮಳೆನೀರು ಕೊರೆದ ಕೊರಕಲು. ಭಾನುವಾರ ಬೆಳಿಗ್ಗೆ ಅವನೂ ಅವನಂಥ ಇನ್ನು ಮೂರು ನಾಲ್ಕು ಮಂದಿಯೂ ಅಲ್ಲಿ ಸೇರುತ್ತಾರೆ. ನಾನೂ ಮಡಿಸುವ ಕುರ್ಚಿಯೊಂದನ್ನು ಹಿಡಿದು ಜೊತೆಗೆ ಹೋಗುತ್ತೇನೆ. ಈ ವಯಸ್ಸಿನಲ್ಲಿ ಬೆಳಗಿನ ಬಿಸಿಲು ಎಲ್ಲಿ ಸಿಕ್ಕಿದರೂ ಒಳ್ಳೆಯದೇ.

ಓಡಿಸುವುದು ಹತ್ತು ನಿಮಿಷ, ಬಿಚ್ಚಿ ಕಟ್ಟುವುದು ಒಂದು ಗಂಟೆ. ಬಿಚ್ಚಿ ಕಟ್ಟುವುದರಲ್ಲಿ ಮುಕ್ಕಾಲು ಪಾಲು ಸಸ್ಪೆನ್ಷನ್ನಿನ ಕೆಲಸ. ಇದಕ್ಕೆ ಕಾರಣ ಉಂಟು. ಗಾಡಿ ಹತ್ತನೇ ಒಂದು ಪಾಲಾಯಿತೇ ಹೊರತು ಊರಿನ ಕಲ್ಲುಗಳು ಆಗಲಿಲ್ಲ. ಎರಡು ಅಂಗುಲದ ಜಲ್ಲಿ ಅದಕ್ಕೆ ಇಪ್ಪತ್ತು ಅಂಗುಲದ ಬಂಡೆ. ದೊಡ್ಡ ಗಾಡಿಯ ಲೆಕ್ಕವನ್ನು ಹತ್ತರಿಂದ ಭಾಗಿಸಿ ಚಿಕ್ಕದಕ್ಕೆ ಹಚ್ಚೋಣವೆಂದರೆ ಅದೂ ಆಗದು. ಉದ್ದ ಹತ್ತನೇ ಒಂದಾದರೆ ತೂಕ ಸುಮಾರಾಗಿ ಸಾವಿರದಲ್ಲಿ ಒಂದಾಗುತ್ತದೆ. ಮೇಲೆ ಹಾರಿ ಕೆಳಗೆ ಬೀಳುವ ಕಾಲ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಾತ್ರ ಬದಲಾದರೆ ಗುಣವೂ ಬದಲಾಗುತ್ತದೆಂಬುದನ್ನು ಗೆಲಿಲಿಯೋ 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಪ್ರಾಣಿಗಳ ಮೂಳೆಯ ದಪ್ಪವನ್ನು ಮುಂದಿಟ್ಟುಕೊಂಡು ವಿವರಿಸಿದ್ದಾನೆ. ಚಿಕ್ಕವರು ದೊಡ್ಡವರ ನಡಿಗೆಯನ್ನು ಅಳತೆ ತಗ್ಗಿಸಿ ನಡೆದರೆ ಸಾಕೆಂಬ ನಂಬಿಕೆಗೆ ಅಲ್ಲಿಂದಲೇ ಪೆಟ್ಟು ಬಿದ್ದಿದೆ.

ಇನ್ನು ಒಳಗಿನ ವಿಷಯ. ಪ್ರತಿಯೊಂದು ಚಕ್ರಕ್ಕೂ ಒಂದು ಶಾಕ್ ಅಬ್ಸಾರ್ಬರ್. ಹೆಬ್ಬೆರಳಿನ ದಪ್ಪದ ಕೊಳವೆ. ಅದರೊಳಗೆ ಸಿಲಿಕೋನ್ ಎಣ್ಣೆ. ಎಣ್ಣೆಯಲ್ಲಿ ಮುಳುಗಿದ, ತೂತುಗಳುಳ್ಳ ಒಂದು ಪುಟ್ಟ ಪಿಸ್ಟನ್. ಕೊಳವೆಯ ಹೊರಗೆ ಸುತ್ತಲೂ ಸ್ಪ್ರಿಂಗು. ಸ್ಪ್ರಿಂಗೂ ಎಣ್ಣೆಯೂ ಒಂದೇ ಕೆಲಸಕ್ಕೆ ನೇಮಕವಾದ ಇಬ್ಬರು ಆಳುಗಳೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಹಾಗಿಲ್ಲ. ಸ್ಪ್ರಿಂಗು ಪೆಟ್ಟನ್ನು ಅರಗಿಸಿಕೊಳ್ಳುವುದಿಲ್ಲ, ಕೂಡಿಡುತ್ತದೆ. ಮರುಕ್ಷಣ ಅಸಲನ್ನೆಲ್ಲ ಹಿಂದಕ್ಕೆ ಕೊಟ್ಟುಬಿಡುತ್ತದೆ. ಎಣ್ಣೆ ಸೋರಿಹೋದ ಗಾಡಿ ಒಂದು ಕಲ್ಲನ್ನು ದಾಟಿ ಹತ್ತು ಗಜ ಹೋದರೂ ಅದೇ ಕಲ್ಲಿಗಾಗಿ ಕುಣಿಯುತ್ತಿರುತ್ತದೆ. (ಎಂದೋ ಒಂದು ಮದುವೆಯಲ್ಲಿ ಎಲೆಗೆ ಪಾಯಸ ಬಡಿಸಲಿಲ್ಲವೆಂದು ಇಪ್ಪತ್ತು ವರ್ಷ ಕುಣಿಯುವ ನೆಂಟರಿಷ್ಟರು ವಾಚಕರಿಗೂ ಇದ್ದಾರು.) ಎಣ್ಣೆಯ ಕೆಲಸ ಆ ಕುಣಿತವನ್ನು ತುಸು ಬಿಸಿಯಾಗಿ ಮಾರ್ಪಡಿಸಿ ಅಲ್ಲಿಗೇ ಮುಗಿಸುವುದು. ಹಾಗಾದರೆ ಗಟ್ಟಿ ಎಣ್ಣೆಯನ್ನೇ ತುಂಬಿಬಿಡೋಣ ಎಂದರೆ ಇನ್ನೊಂದು ವಿಪತ್ತು. ಉಬ್ಬಿನ ಮೇಲೆ ಕುಗ್ಗಿದ ಚಕ್ರ ಮರಳಿ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬಂದಿರುತ್ತದೆ, ಮತ್ತಷ್ಟು ಕುಗ್ಗುತ್ತದೆ, ಮೂರನೆಯದು, ನಾಲ್ಕನೆಯದು. ಕೊನೆಗೆ ಗಾಡಿ ಹೊಟ್ಟೆಯನ್ನು ನೆಲಕ್ಕೆ ಉಜ್ಜಿಕೊಂಡು, ಸ್ಪ್ರಿಂಗು ಇದ್ದೂ ಇಲ್ಲದಂತೆ ಸಾಗುತ್ತದೆ. ಚಕ್ರ ಮೇಲೇರುವುದಷ್ಟೇ ಮುಖ್ಯವಲ್ಲ, ಹಳ್ಳಕ್ಕೆ ಇಳಿಯುವುದೂ ಮುಖ್ಯ. ಇಳಿಯದ ಚಕ್ರಕ್ಕೆ ನೆಲ ಸಿಕ್ಕುವುದಿಲ್ಲ.

ಎಣ್ಣೆಗೆ ನಂಬರುಗಳಿವೆ. ಮೂವತ್ತು, ನಲವತ್ತು, ಅರವತ್ತು. ನಂಬರು ಏರಿದಷ್ಟೂ ಗಟ್ಟಿ. ತುಂಬುವಾಗ ಗಾಳಿಯ ಗುಳ್ಳೆ ಉಳಿಯಬಾರದು. ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳು ಒಂದೊಂದಾಗಿ ಮೇಲಕ್ಕೆ ಬಂದು ಒಡೆಯುವವರೆಗೆ ಕಾದಿರಬೇಕು. ಆಫೀಸಿನಲ್ಲಿ ಲಿಫ್ಟು ಅರ್ಧ ನಿಮಿಷ ತಡವಾದರೆ ಚಡಪಡಿಸುವ ಮನುಷ್ಯ ಇಲ್ಲಿ ಕಾಲು ಗಂಟೆ ಗುಳ್ಳೆ ನೋಡುತ್ತಾ ಕೂತಿರುತ್ತಾನೆ.

ಸ್ಪ್ರಿಂಗಿನ ಮೇಲುಗಡೆ ತಿರುಗಿಸುವ ಒಂದು ಉಂಗುರವಿದೆ. ಹೊಸಬರು ಮೊದಲು ಕೈಹಾಕುವುದು ಅದಕ್ಕೇ. ಉಂಗುರವನ್ನು ಕೆಳಕ್ಕೆ ತಿರುಗಿಸಿದರೆ ಸ್ಪ್ರಿಂಗು ಅದುಮಿಕೊಳ್ಳುತ್ತದೆ. ಬಿಗಿಯಾಯಿತೆಂದು ಅವರು ಸಂತೋಷಪಡುತ್ತಾರೆ. ನಿಜವಾಗಿ ಆದದ್ದು ಗಾಡಿ ಎರಡು ಮೂರು ಮಿಲಿಮೀಟರು ಎತ್ತರವಾದದ್ದು ಮಾತ್ರ. ಸ್ಪ್ರಿಂಗಿನ ಗಡಸುತನ ಅದರ ತಂತಿಯ ದಪ್ಪದಲ್ಲಿ, ಸುತ್ತಿನ ಅಗಲದಲ್ಲಿ, ಸುತ್ತುಗಳ ಸಂಖ್ಯೆಯಲ್ಲಿ ಇದೆ. ಉಂಗುರ ಅದನ್ನು ಮುಟ್ಟಲಾರದು. ಶಿಸ್ತು ಹೆಚ್ಚಿಸಿದೆವೆಂದು ಹೇಳಿಕೊಂಡು ತಮ್ಮ ಕುರ್ಚಿಯನ್ನು ಎತ್ತರಿಸಿಕೊಳ್ಳುವ ಅಧಿಕಾರಿಗಳ ನೆನಪು ನನಗೆ ಆ ಉಂಗುರ ನೋಡಿದಾಗಲೆಲ್ಲ ಬರುತ್ತದೆ. ಇನ್ನು ಶಾಕ್ ಅಬ್ಸಾರ್ಬರಿನ ತಲೆಯನ್ನು ಯಾವ ತೂತಿಗೆ ಸಿಕ್ಕಿಸಬೇಕು, ಚಕ್ರ ಒಳಕ್ಕೆ ಎಷ್ಟು ವಾಲಬೇಕು, ಇತ್ಯಾದಿ ಇತ್ಯಾದಿ. ಎಲ್ಲವನ್ನೂ ಬರೆದರೆ ಸಂಪಾದಕರು ಇದನ್ನು ಮೋಟಾರು ಪತ್ರಿಕೆಗೆ ಕಳಿಸಿಯಾರು.

ಒಂದು ಭಾನುವಾರ ನಾನು ಅವನನ್ನು ಕೇಳಿದೆ: “ಅಲ್ಲಯ್ಯಾ, ಇದಕ್ಕೆ ಸರಿಯಾದ ಅಳತೆ ಅಂತ ಒಂದು ಇಲ್ಲವೇ? ಒಂದು ಸಲ ಹಾಕಿ ಬಿಟ್ಟರೆ ಮುಗೀತಲ್ಲ.”

ಅವನು ಅಲೆನ್ ಕೀಯಿಂದ ಕಣ್ಣೆತ್ತದೆ ಹೇಳಿದ: “ಸರಿ ಅನ್ನೋದು ಇದರಲ್ಲಿ ಇಲ್ಲ ಮಾವ. ಎಲ್ಲಾ ಅವರವರಿಗೆ ಬಿಟ್ಟದ್ದು.”

ಹೇಳಿದವನು ಆ ಬೆಳಿಗ್ಗೆ ಮೂರನೆಯ ಸಲ ಹಿಂದಿನ ಎಣ್ಣೆ ಬದಲಾಯಿಸುತ್ತಿದ್ದ. ಸರಿ ಎಂಬುದು ಇಲ್ಲದಿದ್ದರೆ ಈ ಮನುಷ್ಯ ಮೂರು ಗಂಟೆಯಿಂದ ಹುಡುಕುತ್ತಿರುವುದಾದರೂ ಏನನ್ನು? ಇಷ್ಟವೇ ಪ್ರಮಾಣವಾಗಿದ್ದರೆ ಮೊದಲನೆಯ ಸಲ ಹಾಕಿದ್ದನ್ನೇ ಇಷ್ಟಪಟ್ಟುಕೊಂಡು ಮನೆಗೆ ಹೋಗಬಹುದಾಗಿತ್ತು. ಅವನ ಬಾಯಿ ಎರಡನೆಯ ಮಾತನ್ನು ಹೇಳುತ್ತಿತ್ತು. ಅವನ ಕೈ ಮೊದಲನೆಯದನ್ನು ನಂಬಿತ್ತು. ನಾನು ಕೈಯ ಪಕ್ಷ.

ಕೈ ನಂಬಿದ್ದೇನು? ಹದ ನೆಲದ ಮೇಲೆ ನಿಂತಿದೆ: ಬೆಳಿಗ್ಗೆ ಏಳಕ್ಕೆ ಇಬ್ಬನಿಯಿಂದ ಮೆತ್ತಗಿದ್ದ ಮಣ್ಣು ಹತ್ತು ಗಂಟೆಗೆ ಪುಡಿಯಾಗಿ ಜಾರುತ್ತದೆ, ಏಳಕ್ಕೆ ಸರಿಯಾಗಿದ್ದದ್ದು ಹತ್ತಕ್ಕೆ ತಪ್ಪುತ್ತದೆ. ಹದ ಭಾರದ ಮೇಲೆ ನಿಂತಿದೆ: ಬ್ಯಾಟರಿ ದೊಡ್ಡದಾದರೆ ಸ್ಪ್ರಿಂಗೂ ಬೇರೆ. ಹದ ಓಡಿಸುವವನ ಕೈಯ ಮೇಲೂ ನಿಂತಿದೆ: ತಿರುವಿನಲ್ಲಿ ಒರಟಾಗಿ ಎಳೆಯುವವನಿಗೆ ಹೊಂದುವ ಗಾಡಿ ನಯವಾಗಿ ತಿರುಗಿಸುವವನಿಗೆ ಮಂಕಾಗಿ ಕಾಣುತ್ತದೆ. ಇಷ್ಟರ ಮೇಲೆಲ್ಲ ನಿಂತದ್ದು ಯಾರ ಅಭಿಪ್ರಾಯದ ಮೇಲೂ ನಿಂತಿಲ್ಲ. ಒಂದು ಸಲ ಅವನು ಗಡಸು ಸ್ಪ್ರಿಂಗು ಹಾಕಿದ, ಗಾಡಿ ಬಹಳ ಚುರುಕಾಯಿತೆಂದು ಅವನಿಗೂ ಗೆಳೆಯರಿಗೂ ಭಾಸವಾಯಿತು, ಸಂಭ್ರಮಪಟ್ಟರು. ಫೋನಿನ ಸ್ಟಾಪ್‌ವಾಚು ಪ್ರತಿಸುತ್ತಿಗೂ ಹಿಂದಿಗಿಂತ ಒಂದು ಸೆಕೆಂಡು ಹೆಚ್ಚು ತೋರಿಸಿತು. ಚುರುಕು ಎಂದು ಕಂಡದ್ದು ಕುಣಿತ. ಅವನು ಮರುಮಾತಿಲ್ಲದೆ ಹಳೆಯ ಸ್ಪ್ರಿಂಗನ್ನು ಹಾಕಿಕೊಂಡ. ಇಷ್ಟವಾದದ್ದನ್ನು ಬಿಟ್ಟು ಸರಿಯಾದದ್ದನ್ನು ತೆಗೆದುಕೊಂಡ ಎಂದೇ ಹೇಳಬೇಕಲ್ಲವೆ?

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಹುರುಳಿಲ್ಲದ್ದಲ್ಲ. ಪಂದ್ಯಕ್ಕೆ ಗಡಿಯಾರವಿದೆ, ಬೇಗ ಬಂದವನು ಗೆದ್ದ ಎಂದು ಮೊದಲೇ ಒಪ್ಪಂದವಾಗಿದೆ. ಬಾಳಿಗೆ ಯಾವ ಸ್ಟಾಪ್‌ವಾಚು? ಒಪ್ಪುತ್ತೇನೆ. ಆದರೆ ಗಡಿಯಾರವಿಲ್ಲದ ಕಡೆ ಹದವೂ ಇರುವುದಿಲ್ಲ ಎನ್ನುವುದಾದರೆ ನಮ್ಮ ಅಡಿಗೆಮನೆಯನ್ನು ಮುಚ್ಚಬೇಕಾದೀತು. ಹದ ಎಂಬ ಮಾತನ್ನು ನಮ್ಮ ಜನ ಎಷ್ಟು ಕಡೆ ಬಳಸುತ್ತಾರೆ ನೋಡಿ. ಬಿತ್ತನೆಗೆ ಮಣ್ಣಿನ ಹದ, ರೊಟ್ಟಿಗೆ ಹಿಟ್ಟಿನ ಹದ, ಕುಲುಮೆಯಲ್ಲಿ ಕುಡುಗೋಲಿನ ಹದ, ಚರ್ಮಕ್ಕೆ ಹದ, ಪಾಕಕ್ಕೆ ಹದ. ತಂಬೂರಿಯ ತಂತಿಯ ಕೆಳಗೆ ಒಂದು ನೂಲಿನ ಎಳೆಯಿಡುತ್ತಾರೆ. ಕೂದಲೆಳೆಯಷ್ಟು ಸರಿಸಿದರೆ ನಾದ ಸಾಯುತ್ತದೆ, ಮತ್ತಷ್ಟು ಸರಿಸಿದರೆ ಜೀವ ಬರುತ್ತದೆ. ನನ್ನ ಅಕ್ಕ ಮೈಸೂರುಪಾಕು ಮಾಡುವುದರಲ್ಲಿ ನಮ್ಮ ಬಂಧುಬಳಗಕ್ಕೆಲ್ಲ ಹೆಸರಾದವಳು. ತುಪ್ಪ ಕುಡಿದ ಕಡಲೆಹಿಟ್ಟು ನೊರೆಯೆದ್ದು ಬಾಣಲೆಯ ಅಂಚು ಬಿಡುವ ಒಂದು ಗಳಿಗೆ ಇದೆ. ಅದಕ್ಕೆ ಮೊದಲೇ ಇಳಿಸಿದರೆ ಅಂಟು. ಅರ್ಧ ನಿಮಿಷ ತಡೆದರೆ ಇಟ್ಟಿಗೆ. “ಎಷ್ಟು ನಿಮಿಷ ಅಕ್ಕ?” ಎಂದರೆ “ನಿಮಿಷ ಏನು ಬಂತೋ, ಸೌಟಿಗೆ ಗೊತ್ತಾಗತ್ತೆ” ಎನ್ನುತ್ತಾಳೆ. ಆ ಗಳಿಗೆಯನ್ನು ಬರೆದಿಡಲು ಬರುವುದಿಲ್ಲ. ಹಾಗೆಂದು ಅದು ಅಕ್ಕನ ಇಷ್ಟವಲ್ಲ. ಅಕ್ಕನೇ ಆದರೂ ತಪ್ಪಿದರೆ ತಿಂದವರ ಹಲ್ಲು ಸಾಕ್ಷಿ ಹೇಳುತ್ತದೆ. ಸರಿ ಯಾವುದೆಂದು ಹೇಳಲು ತಿಳಿಯದವನಿಗೂ ತಪ್ಪು ಕಾಣಿಸುತ್ತದೆ ಎಂಬುದನ್ನು ಇಷ್ಟವಾದಿಗಳು ಮರೆಯುತ್ತಾರೆ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎರಡನೆಯ ಭಾಗದಲ್ಲಿ ಗುಣವೆಂಬುದು ಎರಡು ಅತಿಗಳ ನಡುವೆ ಇದೆ ಎಂದದ್ದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಜೊತೆಗೇ ಅವನು ಕೊಟ್ಟ ಉದಾಹರಣೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಹತ್ತು ತೂಕದ ಆಹಾರ ಹೆಚ್ಚು, ಎರಡು ತೂಕದ್ದು ಕಡಮೆ ಎಂದಾದರೆ ಗರಡಿಯ ಗುರು ಆರು ತೂಕ ತಿನ್ನು ಎಂದು ಎಲ್ಲರಿಗೂ ಹೇಳುತ್ತಾನೆಯೇ? ಮಿಲೋ ಎಂಬ ಜಟ್ಟಿಗೆ ಆರು ಸಾಲದು; ಹೊಸದಾಗಿ ಗರಡಿಗೆ ಬಂದ ಹುಡುಗನಿಗೆ ಆರು ವಿಪರೀತ. ಹಾಗೆಂದು ಮಿಲೋ ತನಗೆ ಇಷ್ಟಬಂದಷ್ಟು ತಿನ್ನಲಿ ಎಂದೂ ಅರಿಸ್ಟಾಟಲ್ ಹೇಳಲಿಲ್ಲ. ಮಿಲೋವಿಗೆ ಸರಿಯಾದದ್ದು ಒಂದಿದೆ, ಹುಡುಗನಿಗೆ ಸರಿಯಾದದ್ದು ಒಂದಿದೆ. ಎರಡೂ ಬೇರೆ, ಎರಡೂ ನಿಜ. ಬುದ್ಧ ಇದನ್ನೇ ಸೋಣನೆಂಬ ಭಿಕ್ಷುವಿಗೆ ವೀಣೆಯ ಮೂಲಕ ತಿಳಿಸಿದ. ಸೋಣ ಅಂಗಾಲಿನಿಂದ ರಕ್ತ ಬರುವವರೆಗೆ ನಡೆದು ಸಾಧನೆ ಮಾಡಿದವನು; ಪೂರ್ವಾಶ್ರಮದಲ್ಲಿ ವೀಣೆ ಬಾರಿಸಬಲ್ಲವನಾಗಿದ್ದ. ತಂತಿ ಬಿಗಿಯಾದರೆ ನುಡಿಯದು, ಸಡಿಲವಾದರೂ ನುಡಿಯದು ಎಂಬುದನ್ನು ಅವನಿಗೆ ಉಪದೇಶಿಸಬೇಕಾಗಿರಲಿಲ್ಲ, ಜ್ಞಾಪಿಸಿದರೆ ಸಾಕಾಗಿತ್ತು.

ಪಂದ್ಯಗಳಲ್ಲಿ ಗೆದ್ದವರು ತಮ್ಮ ಗಾಡಿಯ ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪ್ರಕಟಿಸುವ ಪದ್ಧತಿ ಇದೆ. ಎಣ್ಣೆಯ ನಂಬರು, ಪಿಸ್ಟನ್ನಿನ ತೂತು, ಎತ್ತರ, ಎಲ್ಲವೂ ಇರುತ್ತವೆ. ನಮ್ಮ ಹುಡುಗರ ಗುಂಪಿನಲ್ಲಿ ಒಬ್ಬ ಅಂಥ ಹಾಳೆಯೊಂದನ್ನು ಅಕ್ಷರಶಃ ಅನುಸರಿಸಿ ಗಾಡಿ ಕಟ್ಟಿಕೊಂಡು ಬಂದ. ಅದು ನುಣುಪಾಗಿ ಒತ್ತಿ ಮಟ್ಟಮಾಡಿದ ಪಂದ್ಯದ ನೆಲಕ್ಕೆ, ಹತ್ತಾರು ವರ್ಷ ಪಳಗಿದ ಕೈಗೆ ಒಪ್ಪಿದ ಹಾಳೆ. ನಮ್ಮ ಜಲ್ಲಿಯ ಮೇಲೆ ಎರಡನೆಯ ತಿರುವಿನಲ್ಲೇ ಅಂಗಾತ ಬಿತ್ತು. ಪರಧರ್ಮದ ವಿಷಯದಲ್ಲಿ ಗೀತೆ ಎಚ್ಚರಿಸಿದ್ದನ್ನು ಒಳ್ಳೆಯ ಮಾತಿನಲ್ಲಿ ಇವನಿಗೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವನು ಸ್ಪ್ಯಾನರು ಹುಡುಕಲು ಹೊರಟುಬಿಟ್ಟ.

ಹಾಳೆಯನ್ನು ಅಕ್ಷರಶಃ ಅನುಸರಿಸುವವರು ನೀತಿಯ ಕ್ಷೇತ್ರದಲ್ಲೂ ಇದ್ದಾರೆ, ಅಲ್ಲಿ ಅವರಿಗೆ ಗೌರವ ಹೆಚ್ಚು. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಕೌಶಿಕ ಸತ್ಯವನ್ನೇ ನುಡಿಯುವ ವ್ರತ ಹಿಡಿದ ತಪಸ್ವಿ. ಕಳ್ಳರಿಗೆ ಹೆದರಿದ ಜನ ಅವನ ಕಣ್ಣೆದುರಿಗೇ ಕಾಡಿನೊಳಕ್ಕೆ ಓಡಿ ಬಚ್ಚಿಟ್ಟುಕೊಂಡರು. ಬೆನ್ನಟ್ಟಿ ಬಂದ ಕಳ್ಳರು ಕೇಳಿದರು. ಇವನು ನಿಜ ಹೇಳಿದ. ಅವರೆಲ್ಲ ಸತ್ತರು, ಇವನು ನರಕಕ್ಕೆ ಹೋದ. ಜರ್ಮನಿಯ ಕಾಂಟ್ ಮಹಾಶಯ 1797ರ ಒಂದು ಪ್ರಬಂಧದಲ್ಲಿ ಇದೇ ಪ್ರಸಂಗವನ್ನು, ಕೌಶಿಕನ ಹೆಸರು ಕೇಳದೆಯೇ, ಚರ್ಚಿಸಿದ್ದಾನೆ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಸ್ನೇಹಿತ ಒಳಗಿದ್ದಾನೆಯೇ ಎಂದರೂ ಸುಳ್ಳು ಹೇಳುವ ಹಕ್ಕು ನಿನಗಿಲ್ಲ ಎಂದು ಅವನ ತೀರ್ಪು. ಕಾಂಟನ ಮುಂದೆ ತಲೆಬಾಗುವುದು ನನಗೂ ಅಭ್ಯಾಸ. ಈ ಪ್ರಸಂಗದಲ್ಲಿ ಮಾತ್ರ ನಾನು ಕೃಷ್ಣನ ಕಡೆ. ಕೌಶಿಕನ ಗಾಡಿಗೆ ಸ್ಪ್ರಿಂಗೇ ಇರಲಿಲ್ಲ. ಅವನು ರಕ್ಷಿಸಿಕೊಂಡದ್ದು ತನ್ನ ವ್ರತವನ್ನು.

ಆದರೆ ಕೃಷ್ಣನ ಕಡೆ ನಿಲ್ಲುವುದರಲ್ಲಿ ಒಂದು ಅಪಾಯವಿದೆ. ಸಂದರ್ಭ ನೋಡಿ ಬಗ್ಗಬಹುದು ಎಂದ ಕೂಡಲೆ ಎಲ್ಲ ಸುಳ್ಳುಗಾರರೂ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಅರಿಸ್ಟಾಟಲನ ಗ್ರಂಥದ ಐದನೆಯ ಭಾಗದಲ್ಲಿ ಲೆ‍ಸ್ಬೋಸ್ ದ್ವೀಪದ ಕಲ್ಲುಕಟ್ಟಡದವರ ಸೀಸದ ಅಳತೆಗೋಲಿನ ಮಾತು ಬರುತ್ತದೆ. ಸೀಸವಾದ್ದರಿಂದ ಅದು ಒರಟುಕಲ್ಲಿನ ಮೈಗೆ ತಕ್ಕಂತೆ ಬಗ್ಗುತ್ತದೆ. ಬಗ್ಗಿದರೂ ಅದು ಅಳತೆಗೋಲೇ. ಕಲ್ಲಿನ ಆಕಾರವನ್ನು ಇದ್ದಂತೆ ತೋರಿಸುತ್ತದೆ. ರಬ್ಬರಿನ ಅಳತೆಗೋಲಾಗಿದ್ದರೆ ಹಿಡಿದವನು ಎಳೆದಷ್ಟು ಉದ್ದ. ಕಲ್ಲಿಗಾಗಿ ಬಗ್ಗುವುದು ಬೇರೆ, ಹಿಡಿದವನಿಗಾಗಿ ಬಗ್ಗುವುದು ಬೇರೆ.

ಇಷ್ಟೆಲ್ಲ ಬರೆಯುವುದಕ್ಕೆ ಒಂದು ಕಾರಣವಿದೆ. ಹೋದ ಮಾಗಿಯಲ್ಲಿ ಅಕ್ಕನಿಗೆ ಒಂದು ಕಾಯಿಲೆ ಇದೆಯೆಂದು ವೈದ್ಯರು ಪತ್ತೆ ಮಾಡಿದರು. ಹೆಸರು ಇಲ್ಲಿ ಬೇಡ. ವಾಸಿಯಾಗುವ ಜಾತಿಯದಲ್ಲ, ಕೂಡಲೆ ಕರೆದೊಯ್ಯುವುದೂ ಅಲ್ಲ. ಅಕ್ಕನಿಗೆ ಎಪ್ಪತ್ತೇಳು ವರ್ಷ. ವರದಿ ಬಂದದ್ದು ಗಂಡುಮಕ್ಕಳಿಬ್ಬರ ಕೈಗೆ. ಆ ರಾತ್ರಿ ನನ್ನನ್ನೂ ಕರೆಸಿದರು. ಅಕ್ಕ ಒಳಕೋಣೆಯಲ್ಲಿ ಮಲಗಿದ್ದಳು.

ಹಿರಿಯ ಮಗ ಹೇಳಿದ: “ಅಮ್ಮನಿಗೆ ಒಂದಕ್ಷರ ಗೊತ್ತಾಗಬಾರದು ಮಾವ. ಗೊತ್ತಾದರೆ ಆ ಚಿಂತೆಯಲ್ಲೇ ಹೋಗಿಬಿಡ್ತಾಳೆ. ರಕ್ತ ಕಮ್ಮಿ ಇದೆ ಅಂತ ಹೇಳಿದರೆ ಆಯ್ತು.” ಕಿರಿಯವನಿಗೆ, ಅಂದರೆ ಟ್ರಕ್ಕಿನವನಿಗೆ, ಸಿಟ್ಟು ಬಂತು. “ಅವಳ ದೇಹ ಅದು. ಪೂರ್ತಿ ಹೇಳಬೇಕು, ನಾಳೆಯೇ ಹೇಳಬೇಕು. ಮುಚ್ಚಿಡೋಕೆ ನಾವು ಯಾರು?” ಇಬ್ಬರ ಕಣ್ಣಲ್ಲೂ ನೀರಿತ್ತು ಎಂಬುದನ್ನೂ ಹೇಳಬೇಕು. ಹಿರಿಯ ಸೊಸೆ ಇಬ್ಬರಿಗೂ ಸಮಾಧಾನವಾಗಲೆಂದು “ಅವರವರ ಮನಸ್ಸಿಗೆ ಬಿಟ್ಟದ್ದು ಬಿಡಿ” ಎಂದಳು. ಮುಂದೆ ಏನು ಮಾಡಬೇಕೆಂಬುದು ಆ ಮಾತಿನಿಂದ ಯಾರಿಗೂ ತಿಳಿಯಲಿಲ್ಲ.

ಭಾನುವಾರ ಸರಿ ಎಂಬುದೇ ಇಲ್ಲವೆಂದವನು ಅಮ್ಮನ ವಿಷಯ ಬಂದಾಗ ಕೌಶಿಕನಾಗಿ ನಿಂತದ್ದನ್ನು ನೋಡಿ ನನಗೆ ಒಂದು ರೀತಿಯಲ್ಲಿ ಸಂತೋಷವೇ ಆಯಿತು. ಜೀವಕ್ಕೆ ಹತ್ತಿರವಾದ ವಿಷಯದಲ್ಲಿ ಯಾರೂ ಇಷ್ಟವಾದಿಗಳಲ್ಲ. ಅವನ ವಾದದಲ್ಲಿ ಹುರುಳೂ ಇತ್ತು. ಅಣ್ಣನ ವಾದದಲ್ಲಿ ಪ್ರೀತಿಯಿತ್ತು, ಆದರೆ ಅದು ಅಕ್ಕನನ್ನು ಎಪ್ಪತ್ತೇಳು ವರ್ಷದ ಮಗುವನ್ನಾಗಿ ಮಾಡುತ್ತಿತ್ತು. ನಾನು ಕಿರಿಯವನನ್ನು ಕೇಳಿದೆ: “ನಿನ್ನ ಗಾಡಿಗೆ ಒಂದೇ ಸಲಕ್ಕೆ ಎಷ್ಟು ಬದಲಾವಣೆ ಮಾಡ್ತೀಯ?”

“ಒಂದು. ಯಾಕೆ?”

“ಆಮೇಲೆ?”

“ಒಂದು ಸುತ್ತು ಓಡಿಸಿ ನೋಡ್ತೀನಿ.” ಅಷ್ಟು ಹೇಳಿ ಅವನು ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದ: “ಅಮ್ಮ ಗಾಡಿ ಅಲ್ಲ ಮಾವ.”

ಆ ಮಾತು ನಿಜ, ಅದನ್ನು ದಾಟಿ ಹೋಗುವಂತಿಲ್ಲ. ಎಣ್ಣೆ ಹೆಚ್ಚು ಗಟ್ಟಿಯಾದರೆ ಬಸಿದು ಬೇರೆ ತುಂಬಬಹುದು. ಆಡಿದ ಮಾತನ್ನು ಬಸಿಯಲು ಬರುವುದಿಲ್ಲ. ಗಾಡಿಯನ್ನು ಹಿಂದಿನ ಅಳತೆಗೆ ಮರಳಿಸಬಹುದು. ಕೇಳಿದವಳನ್ನು ಕೇಳದಿದ್ದವಳನ್ನಾಗಿ ಮಾಡಲಾಗದು. ಎಲ್ಲಕ್ಕಿಂತ ದೊಡ್ಡ ಭೇದವೆಂದರೆ, ಟ್ರಕ್ಕು ಪ್ರಶ್ನೆ ಕೇಳುವುದಿಲ್ಲ. ಅಕ್ಕ ಕೇಳಬಲ್ಲಳು. ಆ ರಾತ್ರಿ ಒಂದು ಗಂಟೆಯವರೆಗೆ ಮಾತಾಡಿ ನಾವು ಮೂವರು ಒಪ್ಪಿದ್ದು ಇಷ್ಟು: ಅಕ್ಕ ಕೇಳಿದ್ದಕ್ಕೆ ಸುಳ್ಳು ಹೇಳಕೂಡದು, ಕೇಳದ್ದನ್ನು ಅವಳ ಮೇಲೆ ಸುರಿಯಕೂಡದು, ಕೇಳಬೇಕೆನಿಸಿದಾಗ ಕೇಳಲು ಯಾರಾದರೊಬ್ಬರು ಪ್ರತಿದಿನ ಹತ್ತಿರ ಕೂತಿರಬೇಕು. ಮೂರನೆಯದೇ ಕಷ್ಟದ್ದು. ರಕ್ತ ಕಮ್ಮಿಯಿದೆ ಎಂಬ ಕಥೆಯನ್ನು ಹಿರಿಯವನು ಬಹಳ ಸಂಕಟದಿಂದ ಕೈಬಿಟ್ಟ.

ಇದನ್ನೇ ಎಲ್ಲ ಮನೆಗಳಿಗೂ ನಿಯಮವಾಗಿ ಹೇಳುತ್ತಿದ್ದೇನೆಂದು ವಾಚಕರು ತಿಳಿಯಬಾರದು. ನನ್ನ ಸ್ನೇಹಿತರೊಬ್ಬರು, ನಿವೃತ್ತ ಎಂಜಿನಿಯರು, ಪರೀಕ್ಷೆಯ ವರದಿ ಬಂದ ದಿನವೇ ಎಲ್ಲ ಅಂಕಿಗಳನ್ನೂ ಪುಸ್ತಕದಲ್ಲಿ ಬರೆದುಕೊಂಡು ವೈದ್ಯರನ್ನು ಒಂದು ಗಂಟೆ ಪ್ರಶ್ನಿಸಿದರು. ಅವರಿಗೆ ಹನಿಹನಿಯಾಗಿ ಹೇಳಿದ್ದರೆ ಅದೇ ಅವಮಾನವಾಗುತ್ತಿತ್ತು. ಅವರ ನೆಲ ಬೇರೆ, ಭಾರ ಬೇರೆ. ಆದರೆ ಅಕ್ಕನ ವಿಷಯದಲ್ಲಿ ಆ ರಾತ್ರಿ ನಾವೆಲ್ಲ ಸೇರಿ ಸುಳ್ಳು ಹೇಳೋಣವೆಂದು ಏಕಮತದಿಂದ ತೀರ್ಮಾನಿಸಿದ್ದರೂ, ಎಲ್ಲರ ಇಷ್ಟವೂ ಅದೇ ಆಗಿದ್ದರೂ, ಅದು ತಪ್ಪೇ ಆಗುತ್ತಿತ್ತೆಂದು ನನ್ನ ದೃಢವಾದ ಅಭಿಪ್ರಾಯ. ಅಕ್ಕ ಎಂಥವಳು ಎಂಬುದು ನಮ್ಮ ಮತ ತೆಗೆದುಕೊಂಡು ಆದದ್ದಲ್ಲ.

ನಾಲ್ಕು ದಿನ ಏನೂ ಕೇಳಲಿಲ್ಲ. ಐದನೆಯ ದಿನ ಮಾತ್ರೆಯ ಪಟ್ಟಿ ಕೈಯಲ್ಲಿ ಹಿಡಿದು ಕಿರಿಯ ಮಗನನ್ನು ಕೇಳಿದಳು: “ಇದು ಎಷ್ಟು ದಿನ ಕಣೋ?” ಅವನು “ಇನ್ನು ಯಾವಾಗಲೂ ಅಮ್ಮ” ಎಂದ. “ಓಹೋ” ಎಂದು ಪಟ್ಟಿಯನ್ನು ಡಬ್ಬಿಯೊಳಗಿಟ್ಟಳು. ಅಷ್ಟೆ. ಎರಡನೆಯ ಪ್ರಶ್ನೆ ಬಂದದ್ದು ಯುಗಾದಿಯ ಹಿಂದಿನ ದಿನ, ನನ್ನ ಪಾಲಿಗೆ. ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತಿದ್ದವಳು ತಲೆಯೆತ್ತದೆ, “ಇದು ವಾಸಿಯಾಗೋದಲ್ಲ, ಅಲ್ಲವೇನೋ?” ಎಂದಳು. “ಅಲ್ಲ ಅಕ್ಕ” ಎಂದೆ. ಕಟ್ಟು ಮುಗಿಯುವವರೆಗೆ ಸೊಪ್ಪು ಬಿಡಿಸಿದಳು. ಆಮೇಲೆ ಸೊಸೆಯನ್ನು ಕರೆದು, ಈ ಸಲದ ದೀಪಾವಳಿಗೆ ಮೈಸೂರುಪಾಕು ನೀನೇ ತಿರುವಬೇಕು, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರ್ತೀನಿ, ಎಂದು ಅಪ್ಪಣೆ ಮಾಡಿದಳು.

ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಅವಳಿನ್ನೂ ಕೇಳಿಲ್ಲ. ಕೇಳಿದರೆ ಉತ್ತರ ಹೇಳಬೇಕಾದವರು ಮಗನೋ ತಮ್ಮನೋ ಎಂದು ಭಾನುವಾರಗಳಲ್ಲಿ, ಅವನು ಎಣ್ಣೆಯ ಗುಳ್ಳೆ ಒಡೆಯುವುದನ್ನು ಕಾಯುತ್ತಿರುವಾಗ, ನಮ್ಮಿಬ್ಬರಿಗೂ ವಾದ ನಡೆಯುತ್ತಿದೆ.